ದಾದಿಮಾಳ ದನಿ ಉಳಿಯಲಿ

ಹೆಂಗಸರು ಬೀಸುವಾಗ ಹಾಡಲೆಂದು ಬಿಜಾಪುರದ ಸೂಫಿಗಳು ದಖ್ನಿಯಲ್ಲಿ ಚಕ್ಕಿನಾಮಾಗಳನ್ನು ರಚಿಸಿದರು. ಅವು ಬಾಯಿಂದ ಬಾಯಿಗೆ ಸಾಗಿಬಂದವು. ಈಗ ದೋರನಹಳ್ಳಿಯಿರಲಿ, ಶಹಾಪುರವಿರಲಿ, ಹಿಟ್ಟು ಗಿರಣಿಯಿಂದ ಬರುತ್ತದೆ. ಬೀಸುಕಲ್ಲು ಮೂಲೆ ಸೇರಿದೆ. ಮನೆಯ ಹಿರಿಯಳಿಗೆ ನೆನಪಿರುವ ಹಾಡು, ಜೋಗುಳಗಳೂ ಆಕೆಯೊಂದಿಗೇ ಮರೆಯಾಗಬೇಕೇ?

ಸಹೋದರಿಯರೇ, ಕಾಯಬೇಡಿ; ಇಂದೇ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ದನಿ ಇನ್ನೂ ಸ್ಪಷ್ಟವಾಗಿ ಬೇಕೆನಿಸಿದರೆ ಒಳ್ಳೆಯ ಮೈಕ್ ಮತ್ತು ಆಡಿಯೋ ಇಂಟರ್‌ಫೇಸ್ ಬೇಕು. ಮೈಕಿನ ದನಿಯನ್ನು ಅಂಕಿಗಳಾಗಿಸಿ ಫೋನಿಗೆ ಅಥವಾ ಕಂಪ್ಯೂಟರಿಗೆ ಕಳಿಸುವ ಪುಟ್ಟ ಪೆಟ್ಟಿಗೆಯಿದು.

ಒಬ್ಬರ ದನಿಗೆ ಒಂದು ಮೈಕ್ ಜೋಡಿಸುವ ಪೆಟ್ಟಿಗೆ ಸಾಕು; ಹೆಚ್ಚಿನದಕ್ಕೆ ಹಣ ಸುರಿಯಬೇಡಿ. ಕಂಡೆನ್ಸರ್ ಮೈಕ್ ಆದರೆ 48 ವೋಲ್ಟ್ ಫ್ಯಾಂಟಮ್ ಪವರ್ ಇದೆಯೇ ಕೇಳಿ. ನಿಮ್ಮ ಫೋನಿಗೆ ಹೊಂದುತ್ತದೆಯೇ, ಫೋನಿನ ವಿದ್ಯುತ್ತಿನಿಂದಲೇ ನಡೆಯುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಜೋಡಿಸಿ ನೋಡಿ. ಹಾಗಿದ್ದರೆ ಕರೆಂಟ್ ಹೋದರೂ ಚಿಂತೆಯಿಲ್ಲ. 24 ಬಿಟ್‌ನಲ್ಲಿ ಮುದ್ರಿಸುವುದಾದರೆ ಮಟ್ಟವನ್ನು ಸ್ವಲ್ಪ ತಗ್ಗಿಸಿಡಿ. ದನಿ ಏರಿದಾಗ ಒಡೆಯದು.

ಮೊದಲು ದಾದಿಮಾಳ ಒಪ್ಪಿಗೆ ಪಡೆಯಿರಿ. ಫ್ಯಾನ್ ಆರಿಸಿ, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿಡಿ. ಮುದ್ರಿಸಿದ್ದನ್ನು ಎರಡು ಕಡೆ ಉಳಿಸಿ. ಪೆಟ್ಟಿಗೆಯನ್ನು ನಾಳೆಯೂ ಕೊಳ್ಳಬಹುದು, ಆ ದನಿಯನ್ನಲ್ಲ.