ಮೊದಲು ಅಂಗಾತ ತೇಲಲಿ, ಈಜು ಆಮೇಲೆ

ಬೆಂಗಳೂರಿನ ವಿಜಯನಗರ, ಹಂಪಿನಗರ, ಅತ್ತಿಗುಪ್ಪೆ ಕಡೆಯಿಂದ ನನ್ನ ಹತ್ತಿರ ಈಜು ಕಲಿಯಲು ಬರುವವರಲ್ಲಿ ಆಟಿಸಂ ಇರುವ ಮಕ್ಕಳೂ ಇದ್ದಾರೆ. ಅವರ ತಾಯಂದಿರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: “ಮೇಡಂ, ಇವನಿಗೆ ನೀರಂದ್ರೆ ಪ್ರಾಣ. ಬಚ್ಚಲಿಗೆ ಹೋದ್ರೆ ಆಚೆ ಬರೋದೇ ಇಲ್ಲ.” ಆ ಪ್ರೀತಿಯೇ ನನಗೆ ಭಯ ಹುಟ್ಟಿಸುತ್ತದೆ. ಇಂಥ ಎಷ್ಟೋ ಮಕ್ಕಳಿಗೆ ನೀರಿನ ಸೆಳೆತವಿರುತ್ತದೆ, ಅಪಾಯದ ಅರಿವಿರುವುದಿಲ್ಲ. ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುವವರೂ ಬಹಳ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ತುಂಬಿದ ಮೇಲೂ ಒಮ್ಮೆಯಾದರೂ ಹೀಗೆ ಹೊರಟುಹೋಗಲು ನೋಡಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಅಲ್ಲಿನ ಸಾವಿನ ದಾಖಲೆಗಳನ್ನು ಪರಿಶೀಲಿಸಿ, ಆಟಿಸಂ ಇರುವ 15 ವರ್ಷದೊಳಗಿನ ಮಕ್ಕಳು ನೀರಲ್ಲಿ ಮುಳುಗಿ ಸಾಯುವ ಸಂಭವ ಇತರ ಮಕ್ಕಳಿಗಿಂತ 160 ಪಟ್ಟು ಎಂದು ಅಂದಾಜಿಸಿದರು.

ಅದಕ್ಕೇ ನನ್ನ ಪಾಠ ಫ್ರೀಸ್ಟೈಲಿನಿಂದ ಶುರುವಾಗುವುದಿಲ್ಲ. ನೀರಿಗೆ ಬಿದ್ದ ಮಗು ಅಂಗಾತ ತಿರುಗಬೇಕು, ಉಸಿರಾಡುತ್ತ ತೇಲಬೇಕು, ಗೋಡೆ ಹುಡುಕಿ ಹಿಡಿದು ಮೇಲೆ ಹತ್ತಬೇಕು. ಇಷ್ಟು ಬಂದರೆ ಜೀವ ಉಳಿಯುತ್ತದೆ. ಸ್ಟ್ರೋಕ್ ಚೆಂದ ಆಗುವುದು ನಿಧಾನವಾಗಲಿ.

ಹಳ್ಳಿಗಳಲ್ಲಿ ಬೆನ್ನಿಗೆ ಬೆಂಡು ಇಲ್ಲವೇ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳುತ್ತಿದ್ದರು. ನಮ್ಮಪ್ಪ ಕಲಿತದ್ದೂ ಹಾಗೆಯೇ. “ತಳ್ಳಿಬಿಡಿ ಮೇಡಂ, ತಾನೇ ಕಲೀತಾನೆ” ಅನ್ನುವ ತಂದೆಯರು ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಈ ಮಕ್ಕಳು ನಂಬುವ ಜನ ಕಡಿಮೆ. ಒಮ್ಮೆ ತಳ್ಳಿದರೆ ಆ ನಂಬಿಕೆ ಮತ್ತೆ ಸಿಗುವುದು ಕಷ್ಟ.

ಕುತ್ತಿಗೆಯವರೆಗೆ ನೀರಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವುದು ದೇಹದ ತೂಕದ ಹತ್ತನೇ ಒಂದು ಪಾಲು ಮಾತ್ರ. ನೀರು ಸುತ್ತಲಿಂದಲೂ ಮೈಯನ್ನು ಒತ್ತಿ ಹಿಡಿಯುತ್ತದೆ. ಕ್ಲಾಸಿನಲ್ಲಿ ಒಂದು ನಿಮಿಷ ಕೂರದ ಹುಡುಗ ಇಲ್ಲಿ ಮೆಟ್ಟಿಲ ಮೇಲೆ ಸುಮ್ಮನೆ ಕೂರುವುದನ್ನು ಕಂಡು ಅಮ್ಮಂದಿರು ಕಣ್ಣೊರೆಸಿಕೊಂಡಿದ್ದಾರೆ. ಆದರೆ ನೀರಿಗಿಳಿಯುವವರೆಗಿನ ದಾರಿ ಸುಲಭದ್ದಲ್ಲ. ಕ್ಲೋರಿನ್ ವಾಸನೆ, ತಲೆಯನ್ನು ಬಿಗಿಯುವ ಕ್ಯಾಪು, ಶವರಿನ ಹನಿ, ತಗಡಿನ ಚಾವಣಿಗೆ ಬಡಿದು ಮರಳುವ ಸೀಟಿಯ ಸದ್ದು, ಇದರಲ್ಲಿ ಯಾವುದು ಬೇಕಾದರೂ ಅವರಿಗೆ ತಡೆಯಲಾರದ ಹಿಂಸೆ ಆಗಬಹುದು. ಹಾಗಾಗಿ ನನ್ನ ಕೊರಳಲ್ಲಿ ಸೀಟಿ ಇರುವುದಿಲ್ಲ. ಏಪ್ರಿಲ್–ಮೇ ತಿಂಗಳ ಸಮ್ಮರ್ ಕ್ಯಾಂಪಿನ ಗದ್ದಲದಲ್ಲಿ ಹೊಸ ಮಗುವನ್ನು ಇಳಿಸುವುದೂ ಇಲ್ಲ.

ಗೋಡೆಯ ಮೇಲೆ ಚಿತ್ರಗಳ ಸಾಲು: ಬಟ್ಟೆ ಬದಲಿಸು, ಶವರ್, ಮೆಟ್ಟಿಲು, ಗುಳ್ಳೆ ಊದು, ತೇಲು, ಟವೆಲ್. ಮುಂದೇನು ಎಂದು ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ. “ಓಡಬೇಡ” ಅನ್ನುವುದಕ್ಕಿಂತ “ನಡಿ” ಅಂದರೆ ಬೇಗ ತಿಳಿಯುತ್ತದೆ. ಹತ್ತು ಎಣಿಸುವವರೆಗೆ ಮುಖ ನೀರಲ್ಲಿ ಅಂದರೆ ಹತ್ತಕ್ಕೆ ನಿಲ್ಲಿಸಲೇಬೇಕು, ಹನ್ನೊಂದು ಎನ್ನಕೂಡದು. ನನ್ನ ಹತ್ತಿರ ಬರುವ ಒಬ್ಬ ಹುಡುಗ ಮಾತಾಡುವುದಿಲ್ಲ. ತೇಲಿ ಮುಗಿಸಿದ ಮೇಲೆ ನನ್ನ ಕೈ ಹಿಡಿದೆಳೆದು ಟವೆಲ್ ಚಿತ್ರದ ಮೇಲೆ ಇಡುತ್ತಾನೆ. ಅದು ಅವನ ಮಾತು. ನಾನು ಪಾಠ ಅಲ್ಲಿಗೇ ಮುಗಿಸುತ್ತೇನೆ.

ಒಂದು ಮಗುವಿಗೆ ಒಬ್ಬರು, ಅದೂ ನೀರೊಳಗೇ ಜೊತೆಯಲ್ಲಿ. ಇದು ಹೊಸ ವಿಚಾರವಲ್ಲ. 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯಲ್ಲಿ ಅಂಗವಿಕಲ ಹುಡುಗಿಯರಿಗೆ ಈಜು ಕಲಿಸಿದ ಜೇಮ್ಸ್ ಮ್ಯಾಕ್‌ಮಿಲನ್ ಹೀಗೇ ಕಲಿಸಿದರು. ಟ್ಯೂಬು, ಫ್ಲೋಟು ಕಟ್ಟದೆ, ಕೈ ಆಸರೆ ಕೊಟ್ಟು, ಅದನ್ನೂ ಸ್ವಲ್ಪಸ್ವಲ್ಪವೇ ಬಿಡಿಸಿದರು. ಇಂದು ಲೋಕದೆಲ್ಲೆಡೆ ಆ ವಿಧಾನಕ್ಕೆ ಹ್ಯಾಲಿವಿಕ್ ಎಂದೇ ಹೆಸರು.

ಎಲ್ಲಿಯವರೆಗೆ ಹೋಗಬಹುದು ಎಂದು ಕೇಳುವವರಿಗೆ ಮುಂಬೈನ ಜಿಯಾ ರಾಯ್ ಬಗ್ಗೆ ಹೇಳುತ್ತೇನೆ. ಆಟಿಸಂ ಇರುವ ಈ ಹುಡುಗಿ 2022ರ ಮಾರ್ಚ್‌ನಲ್ಲಿ ಶ್ರೀಲಂಕಾದ ತಲೈಮನ್ನಾರ್‌ನಿಂದ ಧನುಷ್ಕೋಡಿಯವರೆಗೆ 13 ಗಂಟೆ 10 ನಿಮಿಷ ಈಜಿದಳು. 2024ರ ಜುಲೈನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನೂ ದಾಟಿದಳು. ಹೆಮ್ಮೆಯ ವಿಷಯ. ಆದರೂ ಪ್ರತಿ ಮಗುವಿನಿಂದ ಪದಕ ನಿರೀಕ್ಷಿಸಬಾರದು.

ಸೇರಿಸುವ ಮುಂಚೆ ತಂದೆತಾಯಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು: ಮಗುವಿಗೆ ಫಿಟ್ಸ್ ಬರುತ್ತದೆಯೇ? ಆಟಿಸಂ ಜೊತೆಗೆ ಮೂರ್ಛೆರೋಗ ಇರುವುದು ಅಪರೂಪವಲ್ಲ. ವೈದ್ಯರನ್ನು ಕೇಳದೆ ನೀರಿಗಿಳಿಸಬೇಡಿ. ಒಂದು ಕೊಳದಲ್ಲಿ ತೇಲಿದ ಮಗು ಇನ್ನೊಂದರಲ್ಲಿ ತೇಲುತ್ತದೆ ಎಂದೂ ನಂಬಬೇಡಿ. ನಾನು ಕೊನೆಗೆ ಶರಟು ಚಡ್ಡಿಯಲ್ಲೂ ತೇಲಿಸಿ ನೋಡುತ್ತೇನೆ, ಏಕೆಂದರೆ ಆಕಸ್ಮಿಕವಾಗಿ ಬೀಳುವ ಮಗು ಈಜುಡುಗೆ ಹಾಕಿಕೊಂಡಿರುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆಟಿಸಂ ಅನ್ನು ತನ್ನ 21 ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಕ್ರೀಡೆಯಲ್ಲಿ ಪಾಲ್ಗೊಳ್ಳಲು ಸರ್ಕಾರ ಅನುವು ಮಾಡಿಕೊಡಬೇಕು ಎಂದೂ ಹೇಳುತ್ತದೆ. ಈಜುಕೊಳ ನಡೆಸುವವರಲ್ಲಿ ನನ್ನ ಕೋರಿಕೆ ಚಿಕ್ಕದು: ವಾರದಲ್ಲಿ ಒಂದು ಗಂಟೆ ಸೀಟಿ, ಮೈಕು, ನೂಕುನುಗ್ಗಲು ಇಲ್ಲದ ಹೊತ್ತು ಈ ಮಕ್ಕಳಿಗೆ ಬಿಟ್ಟುಕೊಡಿ.

ಉಳಿದವರಿಗೂ ಒಂದು ಮಾತು. ನಮ್ಮ ಬಡಾವಣೆಗಳ ಬಹುತೇಕ ಮನೆಗಳ ಅಂಗಳದಲ್ಲಿ ಸಂಪು ಇದೆ. ಅದರ ಮುಚ್ಚಳಕ್ಕೆ ಇವತ್ತೇ ಬೀಗ ಹಾಕಿಸಿ. ಪಕ್ಕದ ಮನೆಯ ಇಂಥ ಮಗು ಕಾಣುತ್ತಿಲ್ಲವೆಂದು ತಿಳಿದರೆ, ಬೀದಿಯಲ್ಲಿ ಹುಡುಕುವ ಮೊದಲು ಹತ್ತಿರದ ಸಂಪು, ತೊಟ್ಟಿ, ಕೆರೆಯ ಕಡೆ ಓಡಿ.