ಟೊಳ್ಳು ಮೂಳೆಯಲ್ಲಿ ಸ್ಕ್ರೂ ನಿಲ್ಲಬೇಕಾದರೆ

ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು ‘ಸೊಂಟ ಮುರಿಯಿತು’ ಎಂದಾಗ ಸಾಮಾನ್ಯವಾಗಿ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ಹಾಸಿಗೆ ಹಿಡಿದರೆ ನ್ಯುಮೋನಿಯಾ, ಬೆನ್ನುಹುಣ್ಣು ಕಾಡುತ್ತವೆ. ಆದ್ದರಿಂದ ಸಾಧ್ಯವಾದರೆ ಒಂದೆರಡು ದಿನಗಳಲ್ಲೇ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದು.

ಮೂಳೆಯ ಕುತ್ತಿಗೆ ಮುರಿದು ತುಂಡುಗಳು ಸರಿದಿದ್ದರೆ ವೃದ್ಧರಿಗೆ ಹೆಚ್ಚಾಗಿ ಕೃತಕ ಕೀಲು ಹಾಕುತ್ತಾರೆ. ಕುತ್ತಿಗೆಯ ಕೆಳಗೆ ಮುರಿದಿದ್ದರೆ ಮೂಳೆಯೊಳಗೆ ರಾಡು ಇಳಿಸಿ, ಅದರ ಮೂಲಕ ದಪ್ಪ ಸ್ಕ್ರೂವೊಂದನ್ನು ಮೂಳೆಯ ಚೆಂಡಿನಂಥ ತಲೆಗೆ ಬಿಗಿಯುತ್ತಾರೆ. ತೊಡಕಿರುವುದು ಇಲ್ಲಿಯೇ. ಲೋಹ ಎಷ್ಟೇ ಗಟ್ಟಿಯಿದ್ದರೂ ಆಸ್ಟಿಯೋಪೊರೋಸಿಸ್‌ನಿಂದ ಟೊಳ್ಳಾದ ಮೂಳೆಯಲ್ಲಿ, ಗೆದ್ದಲು ತಿಂದ ಮರದಲ್ಲಿನಂತೆ, ಸ್ಕ್ರೂಗೆ ಹಿಡಿತ ಸಿಗುವುದಿಲ್ಲ. ನಡೆಯುವಾಗ ಭಾರ ಬಿದ್ದು ಅದು ಮೂಳೆಯನ್ನು ಕೊರೆದುಕೊಂಡು ಕೀಲಿನೊಳಕ್ಕೆ ಬರಬಹುದು.

ಈ ಹಿಡಿತ ಹೆಚ್ಚಿಸಲು ಕೆಲವು ಉಪಾಯಗಳಿವೆ. ಮೊದಲನೆಯದು, ಮುರಿದ ತುಂಡುಗಳನ್ನು ಸರಿಯಾಗಿ ಕೂಡಿಸಿ ಸ್ಕ್ರೂವನ್ನು ಸರಿಯಾದ ಜಾಗದಲ್ಲಿ ಕೂರಿಸುವುದು. ಅದರ ತುದಿ ಮೂಳೆಯ ತಲೆಯ ನಡುವೆ, ಆಳಕ್ಕೆ ತಲುಪಿರಬೇಕು. ಮುಂಭಾಗದ ಹಾಗೂ ಪಕ್ಕದ ಎಕ್ಸ್‌ರೇಗಳಲ್ಲಿ ಸ್ಕ್ರೂ ತುದಿಯಿಂದ ತಲೆಯ ಶಿಖರಕ್ಕಿರುವ ಅಂತರಗಳ ಮೊತ್ತ 25 ಮಿಲಿಮೀಟರಿಗಿಂತ ಕಡಿಮೆ ಇರಬೇಕೆಂಬ ಲೆಕ್ಕಾಚಾರ 1995ರಿಂದ ಬಳಕೆಯಲ್ಲಿದೆ. ಎರಡನೆಯದು, ಸ್ಕ್ರೂ ಬದಲು ತಿರುಚಿದ ಅಲಗಿನಂಥ ಸಾಧನ. ಇದು ಮೂಳೆಯನ್ನು ಕೊರೆದು ತೆಗೆಯದೆ ಸುತ್ತಲೂ ಒತ್ತಿ ಗಟ್ಟಿ ಮಾಡುತ್ತದೆ. ಮೂರನೆಯದು, ರಂಧ್ರಗಳಿರುವ ಸ್ಕ್ರೂ ಅಥವಾ ಅಲಗಿನ ಮೂಲಕ ಕೆಲವೇ ಮಿಲಿಲೀಟರ್ ‘ಮೂಳೆ ಸಿಮೆಂಟ್’ ತುಂಬುವುದು. ಇದು ಮನೆ ಕಟ್ಟುವ ಸಿಮೆಂಟಲ್ಲ. ಬೇಗನೆ ಗಟ್ಟಿಯಾಗುವ ಒಂದು ಬಗೆಯ ಪ್ಲಾಸ್ಟಿಕ್. ಕೀಲಿನೊಳಕ್ಕೆ ಸೋರದಂತೆ ಎಚ್ಚರ ಬೇಕು. ಎಲ್ಲರಿಗೂ ಇದರ ಅಗತ್ಯವಿಲ್ಲ.

‘ರಾಡು ಹಾಕಿಸಿಯಾಯಿತು, ಇನ್ನೇನು’ ಎಂದು ಅನೇಕ ಕುಟುಂಬಗಳು ನಿಶ್ಚಿಂತರಾಗುತ್ತವೆ. ಆದರೆ ಮೂಳೆಯ ಕಾಯಿಲೆ ಹಾಗೆಯೇ ಉಳಿದಿರುತ್ತದೆ. ಮುಂದಿನ ಸರದಿ ಇನ್ನೊಂದು ಕಾಲಿನದಾಗಬಹುದು. ಬರೀ ಕ್ಯಾಲ್ಸಿಯಂ ಮಾತ್ರೆ ಸಾಲದು. ವಿಟಮಿನ್ ‘ಡಿ’ ಕೊರತೆ ಸರಿಪಡಿಸಿ, ಮೂತ್ರಪಿಂಡಗಳ ಪರೀಕ್ಷೆಯ ನಂತರ ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಜೋಲೆಡ್ರಾನಿಕ್ ಆಮ್ಲದಂಥ ಔಷಧಿಗಳಿವೆ. ಸೊಂಟ ಮುರಿದವರ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಔಷಧಿ ಪಡೆದವರಲ್ಲಿ ಹೊಸ ಮುರಿತಗಳು ಶೇಕಡ 35ರಷ್ಟು ಕಡಿಮೆಯಾಗಿದ್ದವು.

ಶಸ್ತ್ರಚಿಕಿತ್ಸೆಯ ಬಳಿಕ ವೈದ್ಯರು ಹೇಳಿದ ದಿನದಿಂದಲೇ ವಾಕರ್ ಹಿಡಿಸಿ ನಡೆಸಿರಿ. ತೊಡೆಸಂದಿಯ ನೋವು ದಿನೇ ದಿನೇ ಹೆಚ್ಚಿದರೆ, ಕಾಲು ಗಿಡ್ಡವಾದಂತೆ ಕಂಡರೆ, ನಡೆಯುತ್ತಿದ್ದವರು ಹೆಜ್ಜೆ ಊರಲಾರದಾದರೆ ‘ವಯಸ್ಸಿನ ನೋವು’ ಎಂದು ಕಡೆಗಣಿಸಬೇಡಿ; ಕೂಡಲೇ ಎಕ್ಸ್‌ರೇ ಮಾಡಿಸಿ.