ತೆಂಗಿನ ತೋಟದ ಎರಡು ತ್ರಿಕೋನಗಳು

ಶಾಲೆಯ ಮಕ್ಕಳ ಕಂಪಾಸು ಪೆಟ್ಟಿಗೆಯನ್ನು ತೆರೆದರೆ ಅದರಲ್ಲಿ ಎರಡು ಮೂಲೆಮಟ್ಟಗಳು ಕಾಣುತ್ತವೆ. ಎರಡರಲ್ಲಿಯೂ ಒಂದು ಕೋನ ೯೦ ಡಿಗ್ರಿ. ಉಳಿದ ಕೋನಗಳು ಒಂದರಲ್ಲಿ ೪೫ ಮತ್ತು ೪೫. ಇನ್ನೊಂದರಲ್ಲಿ ೩೦ ಮತ್ತು ೬೦. ಇಷ್ಟು ಕೋನಗಳಿರುವಾಗ ಇವನ್ನೇ ಏಕೆ ಆರಿಸಿದರೆಂದು ಕೇಳುವ ಹುಡುಗರು ಕಡಮೆ. ಉತ್ತರ ಹೇಳುವ ಹಿರಿಯರು ಇನ್ನೂ ಕಡಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಪಟ್ಟಣದಲ್ಲಿ ಮನೆಯನ್ನೂ ಹಳ್ಳಿಯಲ್ಲಿ ತೋಟವನ್ನೂ ಇಟ್ಟುಕೊಂಡವರಿಗೆ ಈ ಉತ್ತರ ದೂರದ್ದಲ್ಲ. ತೆಂಗಿನ ಸಸಿಗೆ ಗುಂಡಿ ಗುರುತಿಸುವ ದಿನ ಈ ಎರಡು ತ್ರಿಕೋನಗಳೇ ಹೊಲಕ್ಕೆ ಇಳಿಯುತ್ತವೆ.

ಸಾಮಾನ್ಯವಾದ ಲಂಬಕೋನ ತ್ರಿಭುಜದಲ್ಲಿ ಎರಡು ಬಾಹುಗಳು ತಿಳಿದ ಹೊರತು ಮೂರನೆಯದು ಸಿಕ್ಕುವುದಿಲ್ಲ. ಲಂಬಕೋನದ ಅಕ್ಕಪಕ್ಕದ ಬಾಹುಗಳ ವರ್ಗಗಳನ್ನು ಕೂಡಿದರೆ ವಿಕರ್ಣದ ವರ್ಗ ಬರುತ್ತದೆಂಬ ನಿಯಮ ಎಲ್ಲರೂ ಓದಿದ್ದೇ. ಆದರೆ ನಮ್ಮ ಪೆಟ್ಟಿಗೆಯ ತ್ರಿಕೋನಗಳಲ್ಲಿ ಒಂದೇ ಬಾಹು ತಿಳಿದರೂ ಸಾಕು, ಉಳಿದೆರಡನ್ನೂ ಹೇಳಿಬಿಡಬಹುದು.

ಮೊದಲು ಚೌಕದ ನಾಟಿ. ತೆಂಗಿಗೆ ಮರದಿಂದ ಮರಕ್ಕೆ ೨೫ರಿಂದ ೩೦ ಅಡಿ ಬಿಡುವುದುಂಟು. ನಾವು ೩೦ ಎಂದೇ ಇಟ್ಟುಕೊಳ್ಳೋಣ. ನಾಲ್ಕು ಮರಗಳ ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ೪೫ ಡಿಗ್ರಿಯ ತ್ರಿಕೋನ. ಎರಡು ಬಾಹುಗಳೂ ೩೦. ವಿಕರ್ಣ ಅದರ ೧.೪೧೪ ಪಟ್ಟು, ಅಂದರೆ ೨ರ ವರ್ಗಮೂಲದಷ್ಟು. ಗುಣಾಕಾರ ಬೇಡವೆನ್ನುವವರಿಗೆ ಬೌಧಾಯನನ ಶುಲ್ಬಸೂತ್ರದಲ್ಲಿ ಹಳೆಯ ದಾರಿಯೊಂದಿದೆ. ಶುಲ್ಬವೆಂದರೆ ಹಗ್ಗ, ಯಜ್ಞವೇದಿಕೆಯನ್ನು ಹಗ್ಗದಿಂದ ಅಳೆದವರ ಶಾಸ್ತ್ರವದು. ಬಾಹುವಿಗೆ ಅದರ ಮೂರನೆಯ ಒಂದು ಭಾಗವನ್ನು ಸೇರಿಸಿ, ಆ ಭಾಗದ ಕಾಲನ್ನು ಮತ್ತೆ ಸೇರಿಸಿ, ಆ ಕಾಲಿನ ೩೪ನೆಯ ಒಂದು ಭಾಗವನ್ನು ಕಳೆಯಬೇಕು. ೩೦ಕ್ಕೆ ೧೦ ಸೇರಿ ೪೦, ಎರಡೂವರೆ ಸೇರಿ ನಲವತ್ತೆರಡೂವರೆ. ಕಳೆಯಬೇಕಾದುದು ಒಂದು ಅಂಗುಲಕ್ಕೂ ಕಡಮೆ. ೪೨ ಅಡಿ ೫ ಅಂಗುಲವೆಂದರೆ ತೋಟಕ್ಕೆ ಸಾಕು. ಎರಡು ಮೂಲೆಗಳ ಅಳತೆಯೂ ಇಷ್ಟೇ ಬಂದರೆ ಚೌಕ ಸರಿಯಾಗಿದೆ. ಬರದಿದ್ದರೆ ಅದು ವಾಲಿದೆ.

ಇನ್ನು ತ್ರಿಕೋನದ ನಾಟಿ. ಇಲ್ಲಿ ಮೂರು ಮರಗಳು ಒಂದರಿಂದೊಂದು ೩೦ ಅಡಿ ದೂರದಲ್ಲಿದ್ದು ಸಮಬಾಹು ತ್ರಿಭುಜವಾಗುತ್ತವೆ. ಮೇಲಿನ ಮರದಿಂದ ಕೆಳಗಿನ ಸಾಲಿಗೆ ನೇರವಾಗಿ ಗೆರೆ ಎಳೆದರೆ ಅದು ಎರಡಾಗಿ ಒಡೆದು, ೩೦-೬೦ ಡಿಗ್ರಿಯ ಎರಡು ತ್ರಿಕೋನಗಳಾಗುತ್ತವೆ. ವಿಕರ್ಣ ೩೦, ಚಿಕ್ಕ ಬಾಹು ಅದರ ಅರ್ಧ ೧೫. ೯೦೦ರಲ್ಲಿ ೨೨೫ ಕಳೆದರೆ ೬೭೫. ಅದರ ವರ್ಗಮೂಲ ೨೫.೯೮. ಹೊಲದಲ್ಲಿ ಇದನ್ನು ೨೬ ಎನ್ನಲು ಅಡ್ಡಿಯಿಲ್ಲ. ಹದಿನೈದು, ಇಪ್ಪತ್ತಾರು, ಮೂವತ್ತು: ಈ ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡವನಿಗೆ ದೊಡ್ಡ ಬಾಹುವು ಚಿಕ್ಕದರ ೧.೭೩೨ ಪಟ್ಟು ಎಂಬ ಸೂತ್ರ ಮರೆತರೂ ನಷ್ಟವಿಲ್ಲ.

ನಷ್ಟವಾಗುವುದು ಬೇರೆ ಕಡೆ. ತ್ರಿಕೋನದ ನಾಟಿಯೆಂದು ಹೇಳಿ, ಎರಡನೆಯ ಸಾಲನ್ನು ೧೫ ಅಡಿ ಪಕ್ಕಕ್ಕೆ ಸರಿಸಿ, ಸಾಲಿನಿಂದ ಸಾಲಿಗೆ ಮಾತ್ರ ಹಿಂದಿನಂತೆ ೩೦ ಅಡಿಯನ್ನೇ ಬಿಟ್ಟರೆ ಏನಾಗುತ್ತದೆ? ಓರೆಯ ಅಂತರ ಮೂವತ್ತಲ್ಲ, ಮೂವತ್ಮೂರೂವರೆ ಅಡಿ. ಸಮಬಾಹುವಿನ ಮಾತು ಅಲ್ಲಿಗೆ ಮುಗಿಯಿತು. ಒಂದು ಗುಂಟೆಯೆಂದರೆ ೩೩ ಅಡಿಯ ಚೌಕ, ೧,೦೮೯ ಚದರ ಅಡಿ; ೪೦ ಗುಂಟೆಯ ಎಕರೆಗೆ ೪೩,೫೬೦. ಚೌಕದ ನಾಟಿಯಲ್ಲಿ ಮರವೊಂದಕ್ಕೆ ೯೦೦ ಚದರ ಅಡಿಯಾಗಿ ಎಕರೆಗೆ ೪೮ ಮರ. ನಿಜವಾದ ತ್ರಿಕೋನದಲ್ಲಿ ೩೦ನ್ನು ೨೬ರಿಂದ ಗುಣಿಸಿ ೭೮೦. ಎಕರೆಗೆ ಹೆಚ್ಚುಕಡಮೆ ೫೬. ಸಾಲು ಸರಿಸಿಯೂ ೩೦ ಬಿಟ್ಟವನಿಗೆ ಸಿಕ್ಕುವುದು ಮತ್ತೆ ೪೮ ಮಾತ್ರ. ಹತ್ತು ಸಾಲು ದಾಟುವುದರೊಳಗೆ ೪೦ ಅಡಿ ನೆಲ ಸುಮ್ಮನೆ ಹೋಗಿರುತ್ತದೆ. ಬತ್ತದ ಮಡಿಯಾದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ತೆಂಗು ಅರವತ್ತು ವರ್ಷ ನಿಲ್ಲುವ ಮರ. ಅಟ್ಟದ ಮೇಲೆ ಕೊಬ್ಬರಿ ಒಣಗಿಸುವ ಮನೆಯವರಿಗೆ ಎಕರೆಗೆ ಏಳೆಂಟು ಮರ ಎಂದರೇನೆಂದು ನಾವು ಹೇಳಬೇಕಾಗಿಲ್ಲ. ಅಂಚಿನ ಸಾಲುಗಳಲ್ಲಿ ಒಂದೊಂದು ಮರ ತಪ್ಪುವುದರಿಂದ ಕಿರಿದಾದ ತುಂಡು ಜಮೀನಿನಲ್ಲಿ ಲಾಭ ಇಷ್ಟು ಬಾರದು, ನಿಜ.

ಹಾಗಾದರೆ ಎಲ್ಲರೂ ತ್ರಿಕೋನವನ್ನೇ ಹಿಡಿಯಬೇಕೆ? ನನಗೆ ಹಾಗೆ ತೋರುವುದಿಲ್ಲ. ನಡುವೆ ಬಾಳೆ, ನಿಂಬೆ ಮುಂತಾದುವನ್ನು ಬೆಳೆಯಬೇಕೆನ್ನುವವರಿಗೆ ಚೌಕವೇ ವಾಸಿ. ಚೌಕದ ನಟ್ಟನಡುವಿನಿಂದ ಪ್ರತಿ ಮರಕ್ಕೂ ವಿಕರ್ಣದ ಅರ್ಧ, ೨೧ ಅಡಿಗೂ ಮಿಕ್ಕಿ ದೂರವಿದೆ. ತ್ರಿಕೋನದ ನಡುವಿನಿಂದ ೧೭ ಅಡಿ ಚಿಲ್ಲರೆ ಮಾತ್ರ. ಉಳುಮೆಗೂ ಚೌಕದಲ್ಲಿ ಉದ್ದಕ್ಕೂ ಅಡ್ಡಕ್ಕೂ ೩೦ ಅಡಿಯ ದಾರಿ ಸಿಕ್ಕುತ್ತದೆ. ತ್ರಿಕೋನದಲ್ಲಿ ಸಾಲಿಗೆ ಅಡ್ಡಲಾಗಿ ನೇರ ಹೋದರೆ ಉಳಿಯುವುದು ಹದಿನೈದೇ. ಬರಿಯ ತೆಂಗನ್ನೇ ನಂಬಿದವರಿಗೆ ತ್ರಿಕೋನ.

ಇಂಥ ಲೆಕ್ಕಗಳು ನಮ್ಮ ನಾಡಿಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಗಣಿತಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಅದೇ ವಿಷಯವನ್ನು ಕನ್ನಡದಲ್ಲಿಯೇ ಬರೆದನು.

ಹೊಲದಲ್ಲಿ ಕೆಲಸ ಸುಲಭ. ಮೊದಲ ಸಾಲಿನ ಎರಡು ಗೂಟಗಳಿಂದ ೩೦ ಅಡಿಯ ಎರಡು ಹಗ್ಗಗಳನ್ನು ಬಿಗಿಯಾಗಿ ಎಳೆದು ತುದಿಗಳನ್ನು ಕೂಡಿಸಿದಲ್ಲಿ ಎರಡನೆಯ ಸಾಲಿನ ಗೂಟ. ಆದರೆ ನಾರಿನ ಹಗ್ಗ ಎಳೆದಂತೆ ಹಿಗ್ಗುತ್ತದೆ. ಒಂದು ಸಾಲಿನ ತಪ್ಪು ಮುಂದಿನದಕ್ಕೆ ದಾಟುತ್ತದೆ. ಆದುದರಿಂದ ಮೂರನೆಯ ಸಾಲು ಮುಗಿದೊಡನೆ ಟೇಪು ಹಿಡಿದು, ಮೊದಲನೆಯ ಸಾಲಿನ ಗೂಟದಿಂದ ಅದಕ್ಕೆ ನೇರ ಎದುರಿರುವ ಮೂರನೆಯ ಸಾಲಿನ ಗೂಟಕ್ಕೆ ಅಳೆಯಬೇಕು. ೫೨ ಅಡಿ ಬಂದರೆ ಗುದ್ದಲಿಯವರನ್ನು ಕರೆಯಬಹುದು. ೬೦ ಬಂದರೆ, ಗುಂಡಿ ತೋಡುವ ಮುಂಚೆಯೇ ಗೂಟಗಳನ್ನು ಕಿತ್ತುಬಿಡಿ.